ಕರ್ತೃ: ಮಜ್‌ಹೂಲ್

"ಯಾರಯ್ಯಾ ಅವ್ನು ಮಜ್‌ಹೂಲ್? ನನ್ನ ಹಾಡನ್ನ ಅವ್ನ ಹೆಸರಿಗೆ ಯಾರು ಬರ್ಕೊಟ್ಟಿದ್ದು?"

ಫೋನಿನ ಆ ತುದಿಯಲ್ಲಿದ್ದ ಮುದುಕಿಯ ದನಿಗೆ ಬುಜಮಾ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ರೇಡಿಯೋದ ಬೆಳಗಿನ ಕಾರ್ಯಕ್ರಮ ಆಗಷ್ಟೇ ಮುಗಿದಿತ್ತು. ನಿರೂಪಕಿ ಇಲ್ಹಾಮ್ ಎಂದಿನಂತೆ ಕೊನೆಗೆ ಖರ್ಜೂರದ ಹಾಡು ಹಾಕಿ, ಎಂದಿನಂತೆ "ರಚನೆ: ಮಜ್‌ಹೂಲ್" ಎಂದು ಹೇಳಿ, ಮೈಕು ಮುಚ್ಚಿ, ಮನೆಯಿಂದ ತಂದ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಳು.

ಮಜ್‌ಹೂಲ್ ಎಂದರೆ ಗೊತ್ತಿಲ್ಲದವನು, ಅಜ್ಞಾತ. ರಾಜಧಾನಿ ರಬಾತ್‌ನಲ್ಲಿ ಆ ಪದಕ್ಕೆ ಅಷ್ಟೇ ಅರ್ಥ. ಮರುಭೂಮಿಯಂಚಿನ ಈ ಅರ್ಫೂದಿನಲ್ಲಿ ಹಾಗಲ್ಲ. ಇಲ್ಲಿ ಮಜ್‌ಹೂಲ್ ಎಂದರೆ ಮೊದಲು ಬಾಯಲ್ಲಿ ನೀರೂರುತ್ತದೆ, ಏಕೆಂದರೆ ಹೆಬ್ಬೆರಳು ಗಾತ್ರದ, ಮದುವೆಮನೆಯವರು ಮಾತ್ರ ಧೈರ್ಯವಾಗಿ ಕೊಳ್ಳುವ ಖರ್ಜೂರಕ್ಕೂ ಅದೇ ಹೆಸರು. ಹೀಗಾಗಿ ಊರಿನ ನಿಲಯವಾದ ರೇಡಿಯೋ ವಾಹಾದಲ್ಲಿ ಹಳೆಯ ಹಾಡೊಂದರ ಬೆನ್ನಿಗೇ "ರಚನೆ: ಮಜ್‌ಹೂಲ್" ಎಂದು ಬಂದಾಗಲೆಲ್ಲ ಕಾಫಿ ಅಂಗಡಿಯಲ್ಲಿ ಯಾರಾದರೊಬ್ಬರು "ಬೀಜ ತೆಗೆದು ಹಾಡ್ರಪ್ಪಾ" ಎಂದು ಕೂಗುವುದು ವಾಡಿಕೆ. ಮಜ್‌ಹೂಲ್ ಎಂಬ ಮಹಾಕವಿ ಇದ್ದನೆಂದೂ ಅವನ ನೆನಪಿಗೇ ಖರ್ಜೂರಕ್ಕೆ ಆ ಹೆಸರಿಟ್ಟರೆಂದೂ ನಂಬಿದ ಶಾಲೆಯ ಮಕ್ಕಳು ಊರಲ್ಲಿ ಬೇಕಾದಷ್ಟಿದ್ದರು. ಒಂದಿಬ್ಬರು ಮೇಷ್ಟರೂ ಇದ್ದರೇನೋ, ಹೇಳಲಾಗದು.

ಬುಜಮಾನಿಗೆ ಈ ತಮಾಷೆಯಲ್ಲಿ ನಗು ಬರುತ್ತಿರಲಿಲ್ಲ. ನಿಲಯದಲ್ಲಿ ಅವನ ಕೆಲಸವೇ ಅದು. ಯಾವ ಹಾಡು ಯಾರದು, ಹಾಕಲು ಯಾರನ್ನು ಕೇಳಬೇಕು, ಹಾಕಿದ ಮೇಲೆ ಯಾರ ಹೆಸರು ಹೇಳಬೇಕು, ಈ ತಲೆನೋವೆಲ್ಲ ಅವನದು. ರಬಾತ್‌ನ ಹಕ್ಕುಗಳ ಕಚೇರಿಯೊಂದಿಗೆ ನಿಲಯದ ಒಪ್ಪಂದ ಕೆಡದಂತೆ ನೋಡಿಕೊಳ್ಳುವವನೂ ಅವನೇ. ಯಾರಾದರೂ ಒಳ್ಳೆಯ ಹಾಡು ಹಿಡಿದು ಬಂದರೆ ಅವನು ಮೊದಲು ಕೇಳುತ್ತಿದ್ದ ಮಾತು "ರುಖ್ಸಾ ಇದೆಯಾ?" ಎಂದು. ಪರವಾನಗಿ ಇದೆಯಾ ಎಂದು. ಅದಕ್ಕೇ ಹಿಂದೆ ಮುಂದೆ ಎಲ್ಲರೂ ಅವನನ್ನು ಸೀ ರುಖ್ಸಾ, ಅಂದರೆ ಪರವಾನಗಿ ಸಾಹೇಬ, ಎನ್ನುತ್ತಿದ್ದರು. ಹಿಂದೆ ಅನ್ನುವುದು ಅವನಿಗೆ ಗೊತ್ತಿತ್ತು. ಮುಂದೆಯೂ ಅನ್ನತೊಡಗಿದ ಮೇಲೆ ಗೊತ್ತಿಲ್ಲದವನಂತೆ ಇರುವುದು ಕಷ್ಟವಾಗಿತ್ತು.

"ಅಜ್ಜಿ, ಮಜ್‌ಹೂಲ್ ಅಂದ್ರೆ ಒಬ್ಬ ಮನುಷ್ಯ ಅಲ್ಲ. ಯಾರು ಕಟ್ಟಿದ್ದು ಅಂತ ಗೊತ್ತಿಲ್ಲ ಅಂತ ಅರ್ಥ," ಎಂದ.

"ನಿಂಗೆ ಗೊತ್ತಿಲ್ಲ ಅನ್ನು. ನಂಗೆ ಗೊತ್ತು. ನಾನೇ ಕಟ್ಟಿದ್ದು."

ಇಂಥ ಫೋನುಗಳು ತಿಂಗಳಿಗೊಂದು ಬರುತ್ತಿದ್ದವು. ಹಾಡು ನನ್ನ ತಾತನದು, ರಾಗ ನಮ್ಮ ಕೇರಿಯದು ಎಂದೆಲ್ಲ. ಬುಜಮಾ ಎಲ್ಲರಿಗೂ ಹೇಳುವ ಉತ್ತರ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುದುಕಿ ಹೇಳಿದಳು: "ನಾನು ಮಮ್ಮಾಸ್ ಕಣೋ. ಹಸ್ಸೂ ಮಗಳು. ನೀನು ಚಡ್ಡಿ ಇಲ್ದೆ ನಮ್ಮಂಗಳದಲ್ಲಿ ಕೋಳಿ ಅಟ್ಟಿಸ್ಕೊಂಡು ಓಡಾಡ್ತಿದ್ದೆಯಲ್ಲ, ಆ ಮಮ್ಮಾಸ್."

ಇಲ್ಹಾಮ್ ರೊಟ್ಟಿ ತಿನ್ನುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದಳು. ಬುಜಮಾ ಬೆನ್ನು ತಿರುಗಿಸಿದ.

ಮಮ್ಮಾಸ್ ಅವನ ತಾಯಿಯ ಗೆಳತಿ. ತಾಯಿ ತೀರಿಕೊಂಡ ಮೇಲೆ ಅವನು ಅವಳಿದ್ದ ಮಣ್ಣಿನ ಕೋಟೆಯೂರಿನ ಕಡೆ ತಲೆ ಹಾಕಿದ್ದು ಕಡಿಮೆ. ಆ ವಾರವೇ ಹೋದ. ಬಾಗಿಲಿಗೆ ಅಂಟಿಕೊಂಡಂತೆ ಹಾಸಿದ ಚಾಪೆಯ ಮೇಲೆ ಅವಳು ಕೂತಿದ್ದಳು. ಪಕ್ಕದಲ್ಲಿ ರೇಡಿಯೋ. ಅದರ ಏರಿಯಲ್ ಮುರಿದು ಅಲ್ಯೂಮಿನಿಯಂ ತಂತಿ ಸುತ್ತಿದ್ದರು. ಕಾಲು ನಡೆಯುತ್ತಿರಲಿಲ್ಲ, ಬಾಯಿಗೆ ಏನೂ ಆಗಿರಲಿಲ್ಲ.

"ಬಾ ಸೀ ರುಖ್ಸಾ," ಎಂದಳು. ಹೆಸರು ಇಲ್ಲಿಯವರೆಗೂ ಬಂದಿತ್ತು.

"ಖಾಲ್ತಿ, ನೀವೂನಾ?" ಎಂದ ಬುಜಮಾ. ಚಿಕ್ಕಮ್ಮನಿಗೆ ಹೇಳುವ ಆ ಮಾತು ಇಷ್ಟು ವರ್ಷದ ಮೇಲೂ ನಾಲಿಗೆಗೆ ತಾನಾಗಿ ಬಂತು.

ಅವಳು ಹೇಳಿದ್ದು ಇಷ್ಟು. ತಂಗಿ ತೂದಾಳ ಮದುವೆಯ ಮೆಹಂದಿಯ ದಿನ ಕಟ್ಟಿದ ಹಾಡು ಅದು. ಗಂಡು ಹಮಾದಾ ಎಂಬ ಕಲ್ಲುಬಯಲಿನ ಆಚೆ, ಬಶಾರ್ ಕಡೆಯವನು. ಆಗ ಗಡಿ ಎಂಬುದು ಒಂಟೆಗೂ ಗೊತ್ತಿರಲಿಲ್ಲ, ಮನುಷ್ಯನಿಗೂ ಗೊತ್ತಿರಲಿಲ್ಲ. ಆಮೇಲೆ ಎರಡು ದೇಶಗಳಿಗೆ ಜಗಳವಾಯಿತು, ಬೇಲಿ ಬಂತು, ಗಡಿಯ ಬಾಗಿಲು ಮುಚ್ಚಿತು. ಕೆಲವು ವರ್ಷ ಅವರಿವರ ಕೈಯಲ್ಲಿ ಸುದ್ದಿ ಬರುತ್ತಿತ್ತು. ತೂದಾಳ ಗಂಡ ಕೆಲಸ ಹುಡುಕಿಕೊಂಡು ಊರು ಬಿಟ್ಟ ಮೇಲೆ ಅದೂ ನಿಂತಿತು. ಹಾಡು ಮಾತ್ರ ಮದುವೆಯಿಂದ ಮದುವೆಗೆ ಹೋಗಿ, ಯಾವುದೋ ಮೇಳದವರ ಕ್ಯಾಸೆಟ್ಟಿಗೆ ಹತ್ತಿ, ಅಲ್ಲಿಂದ ರೇಡಿಯೋಗೆ ಬಂದಿತ್ತು.

"ಕುರಿ ಕಾಯೋರು ಹೇಳ್ತಾರೆ, ನಿಮ್ಮ ರೇಡಿಯೋ ಹಮಾದಾ ಆಚೆಗೂ ಕೇಳ್ಸುತ್ತಂತೆ. ಹೌದೇನೋ?"

"ಗಾಳಿ ಚೆನ್ನಾಗಿದ್ರೆ ಕೇಳ್ಸುತ್ತೆ."

"ಹಾಗಾದ್ರೆ ತೂದಾ ಎಲ್ಲಾದ್ರೂ ಕೂತು ಕೇಳ್ತಿರ್ತಾಳೆ. ನನ್ನ ಹಾಡು ಬರುತ್ತೆ. ಅಕ್ಕ ಇದಾಳೆ ಅಂತ ಅವಳಿಗೆ ಹಿಗ್ಗು. ಹಾಡು ಮುಗಿದ ತಕ್ಷಣ ಆ ಹುಡುಗಿ ಏನನ್ನುತ್ತೆ? ಮಜ್‌ಹೂಲ್! ಅಕ್ಕ ಸತ್ತು, ಅವಳ ಹೆಸರೂ ಅಳಿಸ್ಹೋಯ್ತು ಅಂದ್ಕೊಳ್ಳಲ್ವೇನೋ? ನನ್ನ ಹೆಸರು ಹೇಳಿಸು ಮಗಾ. ನಾನು ಇದ್ದೀನಿ ಅಂತ ಅವಳಿಗೆ ಗೊತ್ತಾಗ್ಲಿ. ಇನ್ನೇನೂ ಬೇಡ ನಂಗೆ."

ಬುಜಮಾ ಆ ಹೊತ್ತಿಗೇ ಇಲ್ಹಾಮಳಿಗೆ ಫೋನ್ ಮಾಡಿ ನಾಳೆಯಿಂದ ಹೆಸರು ಬದಲಿಸು ಎನ್ನಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೇ ಮಾಡುತ್ತಿದ್ದರು, ಈ ಕತೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಸೀ ರುಖ್ಸಾ. ಕಚೇರಿಯ ದಾಖಲೆಯಲ್ಲಿ ಒಂದು ಹೆಸರು, ರೇಡಿಯೋದ ಬಾಯಲ್ಲಿ ಇನ್ನೊಂದು ಹೆಸರು ಇದ್ದರೆ ನಾಳೆ ಯಾರು ಬೇಕಾದರೂ ನಿಲಯವನ್ನು ಕಟಕಟೆಗೆ ಎಳೆಯಬಹುದು. ಮುದುಕಿಯ ಹೆಸರು ಹೇಳುವುದಾದರೆ ಯಾರೂ ಬೆರಳು ತೋರಿಸದಂತೆ, ನೆಟ್ಟಗೆ, ಕಾನೂನಿನ ಮುಂಬಾಗಿಲಿನಿಂದಲೇ ಹೇಳಬೇಕು ಎಂದು ಅವನ ಹಟ.

"ಶರತ್ಕಾಲದ ಖರ್ಜೂರದ ಹಬ್ಬಕ್ಕೆ ನಿಮ್ಮ ಹೆಸರು ಬರುತ್ತೆ ಖಾಲ್ತಿ. ನನ್ನ ಮಾತು," ಎಂದ. ಆಮೇಲೆ ತಕ್ಷಣ, "ಗುರುತಿನ ಚೀಟಿ ಎಲ್ಲಿದೆ?" ಎಂದು ಕೇಳಿದ.

ಚೀಟಿಯಲ್ಲಿ ಮಮ್ಮಾಸ್ ಎಂಬ ಹೆಂಗಸೇ ಇರಲಿಲ್ಲ. ಫಾತಿಮಾ ಎಂಬವಳಿದ್ದಳು.

"ಆ ಗುಮಾಸ್ತನಿಗೆ ಮಮ್ಮಾಸ್ ಅಂತ ಬರಿಯೋಕೆ ಬರ್ಲಿಲ್ಲ," ಎಂದಳು ಮುದುಕಿ. "ಸಾಲಲ್ಲಿ ನಿಂತಿದ್ದ ಹೆಂಗಸರನ್ನೆಲ್ಲ ಫಾತಿಮಾ ಮಾಡಿ ಊಟದ ಹೊತ್ತಿಗೆ ಮನೆಗೆ ಕಳಿಸ್ದ."

ಅಲ್ಲಿಂದ ಶುರುವಾಯಿತು. ರಬಾತ್‌ನ ಕಚೇರಿಯ ಹೆಂಗಸು ಬಹಳ ಮರ್ಯಾದಸ್ಥೆ. ಒಂದು ದಿನವೂ ದನಿ ಏರಿಸಲಿಲ್ಲ. ಅವಳು ಒಮ್ಮೆಯಾದರೂ ಬೈದಿದ್ದರೆ ಬುಜಮಾನಿಗೆ ತಿರುಗಿ ಬೈಯುವ ಸುಖವಾದರೂ ಸಿಗುತ್ತಿತ್ತು.

"ಕರ್ತೃ ಜೀವಂತ ಇದ್ದಾರಾ, ಸೀ ಬುಜಮಾ?"

"ಇದ್ದಾರೆ ಮೇಡಂ. ಇವತ್ತು ಬೆಳಿಗ್ಗೆ ತಾನೇ ಬೈಸ್ಕೊಂಡೆ."

"ತುಂಬಾ ಸಂತೋಷ. ಮಮ್ಮಾಸ್ ಅನ್ನೋದು ಕಾವ್ಯನಾಮವೋ?"

"ಅಲ್ಲ. ಅದೇ ಹೆಸರು. ಫಾತಿಮಾ ಅನ್ನೋದು ಗುಮಾಸ್ತನ ಕಾವ್ಯ."

"ಹಾಗಾದ್ರೆ ಇಬ್ಬರೂ ಒಬ್ಬರೇ ಅಂತ ನ್ಯಾಯಾಲಯದಿಂದ ಬರೆಸ್ಕೊಂಡು ಬನ್ನಿ. ಜೊತೆಗೆ, ಹಾಡನ್ನ ಮೊದಲ ಸಲ ಹಾಡಿದಾಗ ಅಲ್ಲೇ ಇದ್ದ ಇಬ್ಬರು ಸಾಕ್ಷಿಗಳು."

"ಮೇಡಂ, ಮೆಹಂದಿಗೆ ಬಂದಿದ್ದ ಹೆಂಗಸರೆಲ್ಲ ಊರಾಚೆ ಮಣ್ಣಲ್ಲಿದ್ದಾರೆ. ಉಳಿದಿರೋಳು ಮದುಮಗಳು ಒಬ್ಬಳೇ, ಅವಳು ಮುಚ್ಚಿದ ಗಡಿಯ ಆಚೆ. ಹೋಗಿ ಕರ್ಕೊಂಡು ಬರೋಕೆ ನಿಮ್ಮ ಕಚೇರಿಯಿಂದ ಗಡಿ ಬಾಗಿಲು ತೆಗಿಸ್ತೀರಾ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ, ಸೀ ಬುಜಮಾ," ಎಂದಳು ಆಕೆ, ನಿಜವಾಗಿಯೂ ಬೇಸರದಿಂದ.

ಅವನು ನ್ಯಾಯಾಲಯಕ್ಕೆ ಅಲೆದ. ಸಾಕ್ಷಿಗಳ ಬದಲಿಗೆ ಊರಿನ ಹಿರಿಯರಿಂದ ಹೇಳಿಕೆ ಬರೆಸಿದ. ಒಬ್ಬ ಹಿರಿಯ ಸಹಿ ಹಾಕುವ ಮುಂಚೆ ಕನ್ನಡಕ ಸರಿಮಾಡಿಕೊಂಡು, "ಹೆಂಗಸರ ಹಾಡಿಗೆ ಒಡತಿ ಅಂತ ಎಲ್ಲಾದ್ರೂ ಇರ್ತಾಳೇನಯ್ಯಾ? ಒಬ್ಬಳು ಶುರು ಮಾಡ್ತಾಳೆ, ಎಲ್ಲರೂ ಸೇರ್ಕೋತಾರೆ," ಎಂದು ಕೇಳಿದ. ಆ ಶುರು ಮಾಡಿದವಳೇ ಬೇಕಾಗಿರುವುದು ಎಂದು ಬುಜಮಾ ಹಲ್ಲು ಕಚ್ಚಿ ವಿವರಿಸಿದ. ಕಡತವೆಲ್ಲ ಒಟ್ಟು ಮಾಡಿ ಕಳಿಸಿದ ದಿನ ಅವನಿಗೆ ಹಬ್ಬದ ಬಟ್ಟೆ ತೊಟ್ಟಷ್ಟು ಖುಷಿಯಾಗಿತ್ತು. ಅಂಗಡಿಯಲ್ಲಿ ಚಹಾ ಕುಡಿದು ಪಕ್ಕದವನಿಗೂ ಕುಡಿಸಿದ.

ಉತ್ತರ ಬಂದದ್ದು ಬೇಸಿಗೆ ಕಳೆದ ಮೇಲೆ, ಹಣ್ಣು ಕೊಯ್ಲಿಗೆ ಬಂದಾಗ. ನಿಲಯದ ಮುಖ್ಯಸ್ಥ ನೌಫಲ್ ಅದನ್ನು ಹಿಡಿದುಕೊಂಡು ತಾನೇ ಬುಜಮಾನ ಮೇಜಿನವರೆಗೆ ಬಂದ. ಕಾಸಾಬ್ಲಾಂಕಾದಿಂದ ವರ್ಗವಾಗಿ ಬಂದವನು, ಕೆಟ್ಟವನಲ್ಲ. ಧೂಳೆಂದರೆ ಭಯ, ರಬಾತ್ ಎಂದರೆ ಇನ್ನೂ ಭಯ.

"ಕೂತ್ಕೋ ಬುಜಮಾ," ಎಂದ.

"ಕೂತೇ ಇದ್ದೀನಿ."

"ಕಾಸಾದಲ್ಲಿ ಒಬ್ಬ ಗಾಯಕ ಈ ಹಾಡನ್ನ ಹೊಸ ವಾದ್ಯ ಹಾಕಿ ಮಾಡಿದಾನಂತೆ. ಜಾನಪದ, ಕರ್ತೃ ಅಜ್ಞಾತ, ಜೋಡಣೆ ತನ್ನದು ಅಂತ ನೋಂದಾಯಿಸಿದಾನೆ. ಅಜ್ಞಾತ ಅಲ್ಲ, ಮುದುಕಿ ಇದಾಳೆ ಅಂತ ನೀನು ಕಳಿಸಿದ್ಯಲ್ಲ, ಅದಕ್ಕೆ ಅವನ ಕಂಪನಿಯೋರು ತಕರಾರು ತೆಗೆದಿದಾರೆ. ಈಗ ಹಾಡು ವಿವಾದದಲ್ಲಿದೆ. ಇತ್ಯರ್ಥ ಆಗೋ ತನಕ ಯಾವ ನಿಲಯವೂ, ಯಾವ ರೂಪದಲ್ಲೂ, ಯಾರ ಹೆಸರಲ್ಲೂ ಹಾಕೋ ಹಾಗಿಲ್ಲ."

ಬುಜಮಾ ಅದನ್ನು ತಾನೇ ಓದಿದ. ಇನ್ನೊಮ್ಮೆ ಓದಿದ. ಭಾಷೆ ಎಷ್ಟು ನಯವಾಗಿತ್ತೆಂದರೆ ಎಲ್ಲಿ ಹೊಡೆತ ಬಿತ್ತೆಂದು ಹುಡುಕಬೇಕಿತ್ತು.

"ಅಲ್ಲ ಸೀ ನೌಫಲ್, ಹಾಡಿಗೆ ಯಾರೂ ದಿಕ್ಕಿಲ್ದೆ ಇದ್ದಾಗ ಊರವರೆಲ್ಲ ಹಾಡಬಹುದಿತ್ತು. ಕಟ್ಟಿದವಳು ಬಂದು 'ಇದು ನಂದು' ಅಂದ ತಕ್ಷಣ ಯಾರೂ ಹಾಡೋ ಹಾಗಿಲ್ಲ! ಇದ್ಯಾವ ನ್ಯಾಯ?"

"ನ್ಯಾಯ ಅಲ್ಲಪ್ಪ, ನಿಯಮ. ನೀನೇ ಅಲ್ವಾ ನಮಗೆಲ್ಲ ಅದನ್ನ ಕಲಿಸಿದ್ದು?"

 ಆ ಮಧ್ಯಾಹ್ನ ಬುಜಮಾನೇ ಕಂಪ್ಯೂಟರಿನ ಮುಂದೆ ಕೂತು, ಬೆಳಗಿನ ಕಾರ್ಯಕ್ರಮದಿಂದ ಹಾಡನ್ನು ತೆಗೆದುಹಾಕಿದ. ನಿಲಯದಲ್ಲಿ ಆ ಕೆಲಸ ಮಾಡುವ ಅಧಿಕಾರ ಇದ್ದದ್ದು ಅವನಿಗೊಬ್ಬನಿಗೇ. ಮೈಯೆಲ್ಲ ಉರಿಯುತ್ತಿತ್ತು, ಕೈ ಮಾತ್ರ ನಿಯಮದ ಪ್ರಕಾರ ನಡೆಯಿತು.

ಮರುದಿನದಿಂದ ಊರು ಅವನ ಮೇಲೆ ಬಿತ್ತು. ಕ್ಷೌರದ ಅಂಗಡಿಯವನು ಅರ್ಧ ಗಡ್ಡ ಹೆರೆದು ಕತ್ತಿ ಎತ್ತಿ ನಿಂತ. "ಉಳಿದ ಅರ್ಧಕ್ಕೆ ರುಖ್ಸಾ ತಂದಿದೀರಾ?" ಎಂದ. ಸಂತೆಯಲ್ಲಿ ಪುದೀನ ಮಾರುವವಳು ಕಟ್ಟನ್ನು ಕೈಗೆ ಕೊಡದೆ, ಇದನ್ನು ಬೆಳೆದವರು ಯಾರೆಂದು ವಿಚಾರಿಸದೆ ಕೊಡಬಹುದೋ ಇಲ್ಲವೋ ಎಂದು ಪಕ್ಕದವಳನ್ನು ಕೇಳಿದಳು. ಹೆಂಡತಿ ಫದ್ಮಾ ಇವರೆಲ್ಲರಿಗಿಂತ ನೇರ.

"ಮುದುಕಿ ಹೆಸರು ಸೇರಿಸೋಕೆ ಅಂತ ಹೋಗಿ ಮುದುಕಿ ಹಾಡನ್ನೇ ನುಂಗಿ ನೀರು ಕುಡಿದ್ರಲ್ಲ!"

"ನಾನೆಲ್ಲೇ ನುಂಗ್ದೆ? ಕಾನೂನು..."

"ನಿಮ್ಮ ಕಾನೂನನ್ನ ಉಪ್ಪು ಹಚ್ಚಿ ಒಣಗಿಸಿ ಇಡಿ, ಚಳಿಗಾಲಕ್ಕಾಗುತ್ತೆ."

ಅವನಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ತಪ್ಪು ಮಾಡಿ ಬೈಸಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಒಂದು ಹೆಜ್ಜೆಯೂ ತಪ್ಪದೆ, ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಗೆ ಇಡೀ ಊರಿನ ಕಣ್ಣಲ್ಲಿ ಕಳ್ಳನಾಗಿದ್ದ. ಖರ್ಜೂರದ ಗರಿ ಮನೆಗೆ ಕೊಂಡೊಯ್ಯುತ್ತಿದ್ದ ಹೆಂಗಸರು ದಾರಿಯಲ್ಲಿ ಅವನನ್ನು ಕಂಡರೆ, ಬೇಕೆಂದೇ ಆ ಹಾಡಿನ ರಾಗ ಗುನುಗಿ, ಥಟ್ಟನೆ ಬಾಯಿಗೆ ಕೈ ಇಟ್ಟುಕೊಂಡು ಮುಂದೆ ಹೋಗುತ್ತಿದ್ದರು.

ಇದೆಲ್ಲ ಒಂದು ತೂಕ, ಮಮ್ಮಾಸ್ ಒಂದು ತೂಕ. ಅವಳು ಫೋನ್ ಮಾಡಲಿಲ್ಲ. ಬುಜಮಾ ತಾನೇ ಹೋದ, ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು. ಅವಳು ಬೈಯಲಿಲ್ಲ. ರೇಡಿಯೋ ಆಫ್ ಆಗಿತ್ತು.

"ಹಾಕೋದಿಲ್ವಂತಲ್ಲ ಇನ್ನು," ಎಂದಳು.

"ಸ್ವಲ್ಪ ದಿನ ಖಾಲ್ತಿ. ತಕರಾರು ಇತ್ಯರ್ಥ ಆಗ್ಲಿ."

"ಯಾವಾಗ ಆಗುತ್ತೆ?"

ಬುಜಮಾ ಸುಳ್ಳು ಹೇಳಲಿಲ್ಲ. "ವರ್ಷಗಳೂ ಆಗಬಹುದು," ಎಂದ.

"ಮಜ್‌ಹೂಲ್ ಅಂತಿದ್ದಾಗ ಹಾಡಾದ್ರೂ ಹಮಾದಾ ದಾಟಿ ಹೋಗ್ತಿತ್ತು ಮಗಾ. ಈಗ ತೂದಾ ರೇಡಿಯೋ ತಿರುಗಿಸಿದ್ರೆ ಏನು ಸಿಗುತ್ತೆ? ಜಾಹೀರಾತು."

"ಇನ್ನೊಂದು ದಾರಿ ಇದೆ. ನೀವು ಬೇರೆ ಹಾಡು ಹೇಳಿ. ಹೊಸದು. ನಾನು ಇಲ್ಲೇ ರೆಕಾರ್ಡ್ ಮಾಡ್ಕೋತೀನಿ, ಮೊದಲ ದಿನದಿಂದಲೇ ನಿಮ್ಮ ಹೆಸರಲ್ಲಿ. ಅದಕ್ಕೆ ಯಾವನೂ ತಕರಾರು ತೆಗೆಯೋ ಹಾಗಿಲ್ಲ."

ಮುದುಕಿ ಅವನನ್ನು ನೋಡಿದಳು. ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ ಹುಡುಗನಿಗೆ ಬುದ್ಧಿ ಬಂದೇ ಇಲ್ಲವಲ್ಲ ಎನ್ನುವ ನೋಟ. "ಹೊಸ ಹಾಡು ತೂದಾಗೇನು ಗೊತ್ತೋ?" ಎಂದು ಕೇಳಿ, ಗೋಡೆಯ ಕಡೆ ತಿರುಗಿದಳು. ಬುಜಮಾ ಹೊರಗೆ ಬಂದು ಗಾಡಿಯ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದನೆಂದರೆ ಹಿಡಿ ಕೈಗೇ ಬಂತು.

ಖರ್ಜೂರದ ಹಬ್ಬ ಬಂತು. ಕಾಲ ಯಾರಿಗೂ ಅನುಮತಿ ಕೇಳುವುದಿಲ್ಲವಲ್ಲ. ನಿಲಯದವರು ಮೈದಾನದ ಅಂಚಿನಲ್ಲಿ ಡೇರೆ ಹಾಕಿ ನೇರ ಪ್ರಸಾರಕ್ಕೆ ಕೂತರು. ರೇಡಿಯೋದಲ್ಲಿ ಹೋಗುತ್ತಿದ್ದದ್ದು ಮೈದಾನದ ಧ್ವನಿವರ್ಧಕಗಳಲ್ಲೂ ಕೇಳುತ್ತಿತ್ತು. ಬುಜಮಾ ಧ್ವನಿ ಏರಿಸಿ ಇಳಿಸುವ ಪೆಟ್ಟಿಗೆಯ ಮುಂದೆ, ಪಕ್ಕದಲ್ಲಿ ಇಲ್ಹಾಮ್, ಹಿಂದೆ ಮೂಗಿಗೆ ಕರವಸ್ತ್ರ ಹಿಡಿದ ನೌಫಲ್. ಹದ್ದಾ ಎಂಬವಳ ಮೇಳಕ್ಕೆ ಏನೇನು ಹಾಡಬೇಕೆಂದು ಬುಜಮಾ ಮುಂಚೆಯೇ ಹೇಳಿಟ್ಟಿದ್ದ. ಎಲ್ಲವೂ ಪರವಾನಗಿ ಇದ್ದ ಹಾಡುಗಳು. ಹದ್ದಾ ತಲೆಯಾಡಿಸಿದ್ದಳು. ಹೆಂಗಸರು ತಲೆಯಾಡಿಸಿದರೆ ಒಪ್ಪಿದರೆಂದು ತಿಳಿಯುವಷ್ಟು ಅವನು ಇನ್ನೂ ಮುಗ್ಧ.

ಮೊದಲ ಕೊಯ್ಲಿನ ಬುಟ್ಟಿಗಳು ಮೈದಾನದೊಳಗೆ ಬಂದವು. ಬುಟ್ಟಿ ಹೊತ್ತ ಹೆಂಗಸರಲ್ಲಿ ಯಾರೋ ಒಬ್ಬಳು ಆ ಹಾಡನ್ನೇ ಎತ್ತಿದಳು. ಹದ್ದಾಳ ಮೇಳದ ಡೋಲು ಅದಕ್ಕೇ ಕಾದಿದ್ದಂತೆ ಜೊತೆಯಾಯಿತು. ನೋಡುನೋಡುತ್ತಲೇ ಮೈದಾನದ ಹೆಂಗಸರೆಲ್ಲ ಒಂದೇ ಗಂಟಲಾದರು.

ಬಾಗು ಮರವೇ ಬಾಗು, ಅವ್ವಾ ಹೊರಟಳು,
ದಾರಿಗೊಂದು ಗೊಂಚಲು ಇಳಿಸಿ ಕೊಡು.

"ಕಟ್ ಮಾಡು!" ಎಂದ ನೌಫಲ್ ಕರವಸ್ತ್ರದೊಳಗಿಂದ.

ಬುಜಮಾನ ಬೆರಳು ಗುಂಡಿಯ ಮೇಲಿತ್ತು. ಹಬ್ಬದ ವರದಿಯಲ್ಲಿ ಹಾಡಿನ ಒಂದು ತುಣುಕು ಬಿದ್ದರೆ ತಪ್ಪಲ್ಲ, ಕಾನೂನಿನಲ್ಲೇ ಅದಕ್ಕೆ ಜಾಗವಿದೆ ಎಂದು ಅವನಿಗೆ ಗೊತ್ತಿತ್ತು. ಮೊದಲ ಸಾಲನ್ನು ಆ ಲೆಕ್ಕಕ್ಕೆ ಬಿಟ್ಟ. ಎರಡನೆಯದನ್ನೂ ಬಿಟ್ಟ. ಮೂರನೆಯದು ತುಣುಕು ಎನಿಸಿಕೊಳ್ಳುವುದಿಲ್ಲ ಎಂದು ಎದೆ ಹೇಳುತ್ತಿತ್ತು.  ಅವನು ಗುಂಡಿ ಇಳಿಸಲಿಲ್ಲ. ಇಲ್ಹಾಮಳ ಕೈಯಿಂದ ಮೈಕು ಕಿತ್ತುಕೊಂಡ.

"ಕೇಳುಗರೇ, ಈ ಹಾಡು ಕಟ್ಟಿದವರು ಮಮ್ಮಾಸ್, ಹಸ್ಸೂ ಅವರ ಮಗಳು. ಅವರು ಬದುಕಿದ್ದಾರೆ. ಈ ಹಾಡು ಹಾಕಲು ಅವರ ಅನುಮತಿ ಬೇಕು. ಇಲ್ಲಿಯವರೆಗೆ ಯಾರೂ ಅವರನ್ನು ಕೇಳಿಲ್ಲ, ಅದಕ್ಕೇ ಈಗ ನಾನು ಕೇಳ್ತಿದ್ದೀನಿ. ಖಾಲ್ತಿ ಮಮ್ಮಾಸ್, ನೀವು ಕೇಳ್ತಿದ್ರೆ ಫೋನ್ ಮಾಡಿ. ನಂಬರು ನಿಮಗೆ ಗೊತ್ತು."

ನೌಫಲ್ ಕುರ್ಚಿಯಲ್ಲಿ ಕುಸಿದು ಕೂತ. ಹೆಂಗಸರು ಹಾಡುತ್ತಲೇ ಇದ್ದರು. ಫೋನ್ ಬಾಯಿ ಬಡಿದುಕೊಂಡಿತು. ಬುಜಮಾ ಅದನ್ನು ಪ್ರಸಾರದ ಸಾಲಿಗೇ ಕೊಟ್ಟ.

"ಕೊಡಲ್ಲ!" ಎಂದಿತು ಮೈದಾನದ ಎಲ್ಲ ಧ್ವನಿವರ್ಧಕಗಳಿಂದ ಒಂದು ಮುದಿ ದನಿ.

ಬುಜಮಾನಿಗೆ ಕಿವಿ ಕೇಳಿದ್ದು ನಂಬಲಾಗಲಿಲ್ಲ. "ಖಾಲ್ತಿ, ನಾನು ಬುಜಮಾ. ಇದು ನೇರ ಪ್ರಸಾರ."

"ನೇರವಾಗೇ ಹೇಳ್ತಿದ್ದೀನಿ. ಕೊಡಲ್ಲ. ನಿಲ್ಲಿಸು ಅದನ್ನ!"

ಎಷ್ಟೋ ವರ್ಷದಿಂದ ಅವನು ಕೇಳುತ್ತ ಬಂದ ಪ್ರಶ್ನೆಗೆ ಬಾಯಿ ಬಿಟ್ಟು ಇಲ್ಲ ಎಂದವರು ಇದೇ ಮೊದಲು. ಅವನ ಬೆರಳು ತಾನಾಗಿ ಗುಂಡಿ ಇಳಿಸಿತು. ಮುದುಕಿಯ ಗುಡುಗು ಕೇಳಿ ಹೆಂಗಸರೂ ತಾವಾಗಿ ನಿಂತಿದ್ದರು. ಡೋಲು ಕೈಯಲ್ಲಿದ್ದಂತೆಯೇ ಹದ್ದಾ ಡೇರೆಯ ಬಾಗಿಲಿಗೆ ಬಂದಳು.

"ಏನಂತೆ ಲಲ್ಲಾ ಮಮ್ಮಾಸ್‌ಗೆ? ನಾವೇನು ತಪ್ಪು ಮಾಡಿದ್ವಿ?"

"ತೂದಾ ಎಲ್ಲಿ?" ಎಂದಿತು ಧ್ವನಿವರ್ಧಕ. "ಅವಳ ಹೆಸರು ಎಲ್ಲೋಯ್ತು? ಅವ್ವಾ ಅವ್ವಾ ಅಂತ ಬಾಯಿ ಬಡ್ಕೋತೀರಲ್ಲ, ನಮ್ಮವ್ವ ಎಲ್ಲಿಗೂ ಹೊರಡ್ಲಿಲ್ಲ. ಮನೇಲೇ ಇದ್ಲು, ಒಲೆ ಮುಂದೆ ಕೂತು ಅಳ್ತಿದ್ಲು. ಹೊರಟವಳು ತೂದಾ! ಆ ಕ್ಯಾಸೆಟ್ಟಿನೋರು ಕಿತ್ತು ಬಿಸಾಕಿದ್ರು, ನೀವೂ ಹಾಗೇ ಹಾಡ್ತೀರಿ. ನನ್ನ ಹೆಸರು ಹೇಳಿಬಿಟ್ರೆ ಆಯ್ತಾ? ನನ್ನ ಹೆಸರು ಕಟ್ಕೊಂಡು ನಾನೇನು ಮಾಡ್ಲಿ, ಒಳಗೆ ಅವಳೇ ಇಲ್ದೆ?"

ಮೈದಾನದಲ್ಲಿ ಕತ್ತೆಯೊಂದು ಕೆಮ್ಮಿತು.  ಮುದುಕಿಯ ಹೆಸರು, ಅವಳ ಅಪ್ಪನ ಹೆಸರು, ಚೀಟಿಯಲ್ಲಿದ್ದ ಫಾತಿಮಾಳ ಹೆಸರು, ಎಲ್ಲವನ್ನೂ ಬುಜಮಾ ಕೇಳಿ ಬರೆದುಕೊಂಡಿದ್ದ. ಹಾಡು ಯಾರದೆಂದು ಇಡೀ ದೇಶವನ್ನು ವಿಚಾರಿಸಿದವನು, ಹಾಡು ಏನು ಹೇಳುತ್ತದೆಂದು ಕಟ್ಟಿದವಳನ್ನು ಒಂದು ಸಲವೂ ಕೇಳಿರಲಿಲ್ಲ.

"ಹೇಗೆ ಹಾಡ್ಬೇಕು ಖಾಲ್ತಿ?" ಎಂದ.

ಅವಳು ಹಾಡಲಿಲ್ಲ. ಮಗುವಿಗೆ ಪಾಠ ಹೇಳಿಕೊಡುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಬಾಗು ಮರವೇ ಬಾಗು, ತೂದಾ ಹೊರಟಳು. ಕೇಳ್ಸಿತಾ? ತೂದಾ. ಹಾಗೆ ಹಾಡಿದ್ರೆ ಅನುಮತಿ ಕೊಡ್ತೀನಿ. ಇಲ್ದಿದ್ರೆ ನಿಮ್ಮ ರೇಡಿಯೋ ಬಾಯಿ ಮುಚ್ಕೊಂಡಿರ್ಲಿ."

ಹದ್ದಾ ಹಿಂತಿರುಗಿ ಕೈಯೆತ್ತಿದಳು. ಬಾಯಿಂದ ಬಾಯಿಗೆ ಹೆಸರು ಹೋಯಿತು, ಹಿಂದಿನ ಸಾಲಿನವರು "ಯಾರು? ಯಾರು?" ಎಂದರು, ಮುಂದಿನವರು "ತೂದಾ" ಎಂದು ತಿರುಗಿ ಕೂಗಿದರು. ಡೋಲು ಮತ್ತೆ ಶುರುವಾಯಿತು.

"ನಾಳೆ ರಬಾತ್‌ನೋರು ಕೇಳಿದ್ರೆ ನಾನು ಏನು ಹೇಳ್ಲಿ?" ಎಂದ ನೌಫಲ್. ಕರ್ಚೀಫು ನೆಲದಲ್ಲಿ ಬಿದ್ದಿತ್ತು. "ನಿನ್ನ ಕೆಲಸ ಹೋಗುತ್ತೆ. ನಂದೂ ಹೋಗಬಹುದು."

"ಕರ್ತೃ ಬೇಡ ಅಂದ್ರು, ನಿಲ್ಲಿಸಿದ್ವಿ. ಷರತ್ತು ಹಾಕಿ ಹೂಂ ಅಂದ್ರು, ಹಾಕಿದ್ವಿ. ಇದಕ್ಕಿಂತ ಕಾನೂನು ಇನ್ನೇನು ಕೇಳುತ್ತೆ ಹೇಳಿ," ಎಂದ ಬುಜಮಾ. ಕೋಪ ಇನ್ನೂ ಆರಿರಲಿಲ್ಲ. ನಾಳೆ ಬರುವ ನಯವಾದ ಪತ್ರವನ್ನು ನೆನೆದರೆ ಈಗಲೇ ಹಲ್ಲು ಕಡಿಯುತ್ತಿತ್ತು. ಆ ಮರ್ಯಾದಸ್ಥ ಹೆಂಗಸು ಈ ಸಲವೂ ದನಿ ಏರಿಸುವುದಿಲ್ಲ.

ಹೆಂಗಸರು ಎತ್ತಿದರು. ತೂದಾ ಎಂಬಲ್ಲಿಗೆ ಬಂದಾಗ ಫೋನಿನ ಆ ತುದಿ ಏನಾದರೂ ಹೇಳುತ್ತದೋ ಎಂದು ಬುಜಮಾ ಕಾದ.  ಉಸಿರು ಮಾತ್ರ ಕೇಳಿಸುತ್ತಿತ್ತು. ಅವನು ಗುಂಡಿಯನ್ನು ಹಮಾದಾದ ಆಚೆಗೂ ಮುಟ್ಟಲಿ ಎಂಬಂತೆ, ಅದು ಹೋಗುವ ಕೊನೆಯವರೆಗೂ ಏರಿಸಿದ. ಇಷ್ಟು ವರ್ಷ ಆ ರೇಡಿಯೋದಲ್ಲಿ ದಿನಾ ಮೊಳಗಿದ ಹಾಡು ಅನುಮತಿ ಪಡೆದು ಪ್ರಸಾರವಾದದ್ದು ಅದೇ ಮೊದಲು.